ಸೈರನ್ ಕೂಗಿದ ಹೊತ್ತು

ಅದಲ್ಲ ಮೇಡಂ, ಮೊದಲು ಮುಂದಿನ ಚಕ್ರದ ಬೀಗ ತೆಗೀಬೇಕು. ಅದನ್ನ ಬಿಟ್ಟು ಚೈನಿಗೆ ಕೈ ಹಾಕಿದ್ರೆ ಸೈರನ್ ಕೂಗಿಬಿಡುತ್ತೆ... ಹೂಂ, ಆ ಹಿತ್ತಾಳೆ ಕೀ. ಅದೇ. ಸ್ವಲ್ಪ ಒಳಗೆ ಒತ್ತಿ ತಿರುಗಿಸಿ. ಕೊಡಿ ಇಲ್ಲಿ, ನಾನೇ ತೆಗೀತೀನಿ, ನೀವ್ಯಾಕೆ ಈ ಧೂಳಲ್ಲಿ ಕೂತ್ಕೊಂಡು... ಬೇಡ್ವಾ. ಸರಿ, ಸರಿ. ತಂದೆ ಬೈಕು, ಮಗಳು ಬಿಚ್ಚೋದೇ ಸರಿ.

ಈ ಬೇಸ್‌ಮೆಂಟು ಬಿಸಿಲು ಕಾಣದ ಜಾಗ, ಬೆಳಗ್ಗೆಯಿಂದ ಇಲ್ಲೇ ಕಾವಲು ನಿಂತ್ರೆ ಬೆರಳು ಮರಗಟ್ಟಿ ಹೋಗ್ತವೆ. ನೀವು ಬರ್ತೀರ ಅಂತ ಸೆಕ್ರೆಟರಿ ನಿನ್ನೇನೇ ಹೇಳಿದ್ರು. ಅದಕ್ಕೇ ಬೆಳಗ್ಗೆ ಎದ್ದು ಒರೆಸಿಟ್ಟೆ. ಇವತ್ತು ಮಾತ್ರ ಅಂತಲ್ಲ, ಸಾರ್ ಹೋದ ಈ ಮೂರು ವಾರದಲ್ಲಿ ಒಂದು ದಿನಾನೂ ತಪ್ಪಿಸಿಲ್ಲ. ಟ್ಯಾಂಕ್ ಮೇಲೆ ನೋಡಿ, ನಿಮ್ಮ ಮುಖ ಕಾಣುತ್ತೆ.

ಈಗ ಚೈನು. ಹಿಡಿದು ನೋಡಿ ಎಷ್ಟು ಭಾರ... ಎಮ್ಮೆ ಕಟ್ಟಬಹುದು ಇದರಲ್ಲಿ. ಇದನ್ನ ಕಂಬಕ್ಕೆ ಎರಡು ಸುತ್ತು ಹಾಕೋರು. ಚಕ್ರಕ್ಕೊಂದು, ಹ್ಯಾಂಡಲ್ಲಿಗೊಂದು, ಕಂಬಕ್ಕೊಂದು, ಇಷ್ಟೆಲ್ಲ ಆದಮೇಲೆ ಸೈರನ್ನು. ಕಟ್ಟಡದಲ್ಲಿ ಎಲ್ಲರೂ ಬೀಗದ ಸಾರ್, ಬೀಗದ ಸಾರ್ ಅಂತಿದ್ರು. ನಾನು ಮಾತ್ರ ರೇಡಿಯೋ ಸಾರ್ ಅಂತಿದ್ದೆ. ಒಂದ್ಸಲ ಕೇಳ್ದೆ, ಏನ್ ಸಾರ್, ಬೈಕಿಗೆ ಇಷ್ಟು ಬೀಗ, ಮನೆಗೆ ಒಂದೇ ಬೀಗನಾ ಅಂತ. ಅವರು ಅಂದ್ರು, ಮನೇಲಿ ಏನಯ್ಯಾ ಇದೆ, ಹಳೇ ರೇಡಿಯೋಗಳು. ಕಳ್ಳ ತಗೊಂಡು ಹೋಗಿ ರಿಪೇರಿ ಮಾಡಿಸಿ ವಾಪಸ್ ತಂದಿಟ್ರೆ ಪುಣ್ಯ ಬರುತ್ತೆ ಅವನಿಗೆ, ಅಂತ.

ನಗು ಬಂತಾ? ಹಾಗೇ ಮಾತಾಡೋರು. ಮುಖದಲ್ಲಿ ನಗು ಇರ್ತಿರಲಿಲ್ಲ, ಮಾತಲ್ಲಿ ಇರ್ತಿತ್ತು.

ನೀವೇ ಓಡಿಸ್ಕೊಂಡು ಹೋಗ್ತೀರಾ? ಅಷ್ಟು ದೂರ? ... ಓ, ಅವರೇ ಕಲಿಸಿದ್ರಾ. ಹೇಳಿರಲಿಲ್ಲ ನನಗೆ. ಮಗಳು ಟೀಚರು, ಮಕ್ಕಳು ಅವಳನ್ನ ಕಂಡ್ರೆ ಗಡಗಡ ನಡುಗ್ತಾರೆ, ಅಷ್ಟು ಹೇಳಿದ್ರು. ಬೈಕ್ ಓಡಿಸ್ತಾಳೆ ಅಂತ ಹೇಳಿರಲಿಲ್ಲ.

ಯಾಕೆ ಇಷ್ಟು ಬೀಗ ಅಂತ ನಿಮಗೆ ಗೊತ್ತಲ್ವಾ? ನನಗೆ ಒಂದೇ ಒಂದ್ಸಲ ಹೇಳಿದ್ರು. ಇಲ್ಲೇ, ಈ ಏಳನೇ ಕಂಬದ ಹತ್ರ, ಬೀಗ ಹಾಕ್ತಾ ಹಾಕ್ತಾ. ನಿಮ್ಮ ತಾಯಿ ಆಸ್ಪತ್ರೇಲಿದ್ರಂತೆ. ನರ್ಸು ಚೀಟಿ ಕೊಟ್ಟು, ಈ ಇಂಜೆಕ್ಷನ್ ನಮ್ಮಲ್ಲಿಲ್ಲ, ಬೇಗ ತನ್ನಿ ಅಂದ್ರಂತೆ. ಇವರು ಹೊರಗೆ ಬಂದು ನೋಡ್ತಾರೆ, ಗಾಡಿ ಇಲ್ಲ. ನಿಲ್ಲಿಸಿದ ಜಾಗ ಬರಿದು. ಕಾಲ್ನಡಿಗೇಲೇ ಓಡಿದ್ರಂತೆ. ಮೂರು ಅಂಗಡಿ. ಮೂರನೇದರಲ್ಲಿ ಸಿಕ್ತಂತೆ... ಆಮೇಲೆ ಏನಾಯ್ತು ಅಂತ ಅವರು ಹೇಳಲಿಲ್ಲ. ಚೈನ್ ಎಳೆದು ನೋಡಿದ್ರು, ಬಿಗಿಯಾಗಿದೆಯಾ ಅಂತ. ಮತ್ತೊಂದ್ಸಲ ಎಳೆದು ನೋಡಿದ್ರು. ಹೊರಟುಹೋದ್ರು.

ಇಲ್ಲ ಇಲ್ಲ, ಅಳಿಸಬೇಕು ಅಂತ ಹೇಳಿದ್ದಲ್ಲ ಮೇಡಂ. ನನ್ನ ಬಾಯಿಗೆ ಬೀಗ ಇಲ್ಲ, ಅದೇ ಕಷ್ಟ.

ನನಗಂತೂ ಅವರ ಬೀಗ ಕಂಡ್ರೆ ನೆಮ್ಮದಿ. ಯಾಕಂದ್ರೆ ನಾನೂ ಒಂದ್ಸಲ ಕೈ ಸುಟ್ಟುಕೊಂಡೋನು. ಇದಕ್ಕಿಂತ ಮುಂಚೆ ಒಂದು ಕಟ್ಟಡದಲ್ಲಿ ಕಾವಲಿಗಿದ್ದೆ. ಅಲ್ಲಿ ಹಗಲು ಹೊತ್ತಲ್ಲೇ ಒಂದು ಸ್ಕೂಟರ್ ಹೋಯ್ತು. ಕದ್ದೋನು ನನಗೇ ಕೈ ಬೀಸಿ ಹೋದ ಮೇಡಂ, ಹೆಲ್ಮೆಟ್ ಹಾಕಿದ್ದ, ಮಾಲೀಕ ಅಂದ್ಕೊಂಡು ನಾನು ಗೇಟು ತೆಗೆದು ಸಲಾಂ ಹೊಡೆದೆ. ಸಂಜೆ ಮಾಲೀಕ ಬಂದು, ಇವನೂ ಪಾಲುದಾರ ಅಂದ. ಸಲಾಂ ಹೊಡೆದು ಕಳಿಸಿದಾನೆ ನೋಡಿ ಅಂದ. ಎರಡು ದಿನ ಸ್ಟೇಷನ್ನಲ್ಲಿ ಕೂರಿಸಿದ್ರು. ಈ ಕಿವಿ ಇದೆಯಲ್ಲ, ಎಡಗಡೇದು, ಇವತ್ತಿಗೂ ಸರಿಯಾಗಿ ಕೇಳಲ್ಲ. ನನ್ನ ಹೆಂಡತಿ ಬಾಗಿಲ ಹೊರಗೆ ನಿಂತಿದ್ಲು, ಎರಡು ದಿನಾನೂ. ಒಳಗೆ ಬಿಡಲಿಲ್ಲ ಅವಳನ್ನ. ಆವತ್ತಿಂದ ನಾನು ಖಾಕಿ ಬಣ್ಣ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗಿಬಿಡ್ತೀನಿ. ನಾನು ಹಾಕಿರೋದೂ ಖಾಕೀನೇ, ಏನ್ ಮಾಡೋದು.

ಇದನ್ನೂ ನಿಮ್ಮ ತಂದೆಗೆ ಹೇಳಿದ್ದೆ. ಬೇರೆ ಯಾರಾದ್ರೂ ಆಗಿದ್ರೆ, ಓಹೋ ಇವನು ಅಂಥವನಾ ಅಂತ ದೂರ ಇಡ್ತಿದ್ರು. ಅವರು ಏನು ಮಾಡಿದ್ರು ಗೊತ್ತಾ? ಮಾರನೇ ದಿನ ಸೈರನ್ನಿನ ಎರಡನೇ ರಿಮೋಟ್ ತಂದು ನನ್ನ ಕೈಗಿಟ್ರು. ಇದು ನಿನ್ನ ಹತ್ರ ಇರಲಿ ಅಂದ್ರು. ಅಷ್ಟೇ.

ಇಲ್ಲಿದೆ ನೋಡಿ. ತಗೊಳ್ಳಿ. ನಿಮ್ಮದೇ.

ಸೈರನ್ನಾ? ಅವರೇ ಮಾಡಿದ್ದು ಮೇಡಂ, ಅಂಗಡಿಯಿಂದ ತಂದಿದ್ದಲ್ಲ. ತಮ್ಮ ರೇಡಿಯೋ ರಿಪೇರಿ ಅಂಗಡೀಲಿ ಕೂತು, ಯಾವುದೋ ಹಳೇ ಡಬ್ಬಿ ಬಿಚ್ಚಿ, ಅದರೊಳಗಿಂದು ಇದಕ್ಕೆ, ಇದರೊಳಗಿಂದು ಅದಕ್ಕೆ ಹಾಕಿ ಮಾಡಿದ್ರು. ಬೈಕ್ ಅಲುಗಾಡಿದ್ರೆ ಕೂಗುತ್ತೆ. ರಿಮೋಟಲ್ಲಿ ಕೆಂಪು ಗುಂಡಿ ಒತ್ತಿದ್ರೂ ಕೂಗುತ್ತೆ, ಇಂಡಿಕೇಟರೂ ಮಿಣುಕುತ್ತೆ. ಮೊದಲ ದಿನ ಕೂಗಿದಾಗ ನಾಲ್ಕನೇ ಮಹಡಿ ನಾಯಿ ಸೋಫಾ ಕೆಳಗೆ ಹೋದದ್ದು ಸಂಜೆವರೆಗೂ ಬರಲಿಲ್ಲವಂತೆ.

ತೊಂದರೆ ಏನಾಯ್ತು ಅಂದ್ರೆ, ಅದಕ್ಕೆ ಕಳ್ಳ ಯಾರು ಬೆಕ್ಕು ಯಾವುದು ಗೊತ್ತಾಗ್ತಿರಲಿಲ್ಲ. ಬೆಕ್ಕು ಸೀಟಿನ ಮೇಲೆ ಹಾರಿದ್ರೆ ಕೂಗೋದು. ಲಾರಿ ಹೋದ್ರೆ ಕೂಗೋದು. ಯಾರೋ ಕಾರಿನ ಬಾಗಿಲು ದಡಾರ್ ಅಂತ ಹಾಕಿದ್ರೆ ಕೂಗೋದು. ದಿನಕ್ಕೆ ಐದು ಸಲ, ಆರು ಸಲ. ಮೊದಮೊದಲು ಜನ ಬಾಲ್ಕನಿಗೆ ಬಂದು ಇಣುಕಿ ನೋಡ್ತಿದ್ರು. ಆಮೇಲೆ ಕಿಟಕಿ ಮುಚ್ಕೊಳ್ತಿದ್ರು. ಮೂರನೇ ಮಹಡೀಲಿ ಹೊಸ ಬಾಣಂತಿ ಇದ್ದಾರೆ, ಮಗು ಈಗಷ್ಟೇ ಕಣ್ಣು ಮುಚ್ಚಿತು ಅನ್ನೋ ಹೊತ್ತಿಗೇ ಇದು ಬಾಯಿ ಬಿಡೋದು. ಆ ಹೆಣ್ಣುಮಗಳು ನನ್ನ ಹತ್ರ ಬಂದು ಕೈ ಮುಗಿದ್ರು ಮೇಡಂ, ಬೈಯಲಿಲ್ಲ, ಕೈ ಮುಗಿದ್ರು. ನಾನು ಸಾರ್‌ಗೆ ಹೇಳ್ದೆ. ಅವರು ಸಣ್ಣ ಸ್ಕ್ರೂಡ್ರೈವರ್ ತಂದು ಏನೋ ತಿರುಗಿಸಿದ್ರು, ಎರಡು ದಿನ ಸುಮ್ಮನಿತ್ತು, ಮತ್ತೆ ಶುರು.

ಮೇಲಿಂದ ಬೈತಿದ್ದದ್ದು ಅವರನ್ನಲ್ಲ, ನನ್ನನ್ನ. ಅವರು ಮನೆ ಮಾಲೀಕರು, ನಾನು ಕುರ್ಚಿ ಮಾಲೀಕನೂ ಅಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಹಾಗೆ ಆಗಿತ್ತು ನನ್ನ ಸ್ಥಿತಿ.

ಆ ದಿನವಾ... ಹೇಳ್ತೀನಿ. ಹೇಳ್ಬೇಕು, ನೀವು ಕೇಳೋದು ನ್ಯಾಯ. ಮಂಗಳವಾರ. ಈ ಬೇಸ್‌ಮೆಂಟ್ ಮೇಲಿನ ನೆಲಮಹಡಿ ಮನೇಲಿ ಟೈಲ್ಸ್ ಕೆಲಸ ನಡೀತಿತ್ತು. ಆ ಕತ್ತರಿಸೋ ಮೆಷಿನ್ನು ಕರ್ ಅಂತ ಶುರುವಾದ್ರೆ ಈ ಕಂಬವೇ ನಡುಗೋದು. ಅದಕ್ಕೇ ಬೆಳಗ್ಗೆಯಿಂದ ಸೈರನ್ ಕೂಗಿ ಕೂಗಿ... ಮಧ್ಯಾಹ್ನ ನಿಮ್ಮ ತಂದೆ ಲಿಫ್ಟಲ್ಲಿ ನೇರ ಇಲ್ಲಿಗೇ ಬಂದ್ರು, ಅಂಗಡಿಗೆ ಹೋಗೋಕೆ. ಅವರು ಬಂದದ್ದು ನನಗೆ ಗೊತ್ತಿಲ್ಲ. ನಾನು ಅಲ್ಲಿ, ಇಳಿಜಾರಿನ ಮೇಲ್ತುದೀಲಿ, ಆ ಪ್ಲಾಸ್ಟಿಕ್ ಕುರ್ಚಿ ಕಾಣ್ತಿದೆಯಲ್ಲ, ಅಲ್ಲಿದ್ದೆ. ಮಲಗಿರಲಿಲ್ಲ. ಯಾರಾದ್ರೂ ಮಲಗಿದ್ದ ಅಂದ್ರೆ ನಂಬಬೇಡಿ. ನೀರಿನ ಟ್ಯಾಂಕರ್‌ನೋನ ಹತ್ರ ಸಹಿ ಹಾಕಿಸ್ಕೊಳ್ತಿದ್ದೆ.

ಮೂರು ಇಪ್ಪತ್ತಕ್ಕೆ ಸೈರನ್ ಕೂಗ್ತು. ಎಲ್ಲರಿಗೂ ಕೇಳಿಸ್ತು. ಸೆಕ್ರೆಟರಿಗೆ ಕೇಳಿಸ್ತು, ಮೂರನೇ ಮಹಡಿಯವರಿಗೆ ಕೇಳಿಸ್ತು, ಟೈಲ್ಸ್‌ನೋರು ಟೀ ಕುಡೀತಾ ಕೂತಿದ್ರು, ಅವರಿಗೂ ಕೇಳಿಸ್ತು. ಒಬ್ಬರೂ ಇಳಿದು ಬರಲಿಲ್ಲ. ದಿನಾ ಕೂಗೋದಲ್ವಾ ಅಂತ. ನಾನೇ ಬಂದು ನೋಡ್ದೆ. ಬೈಕ್ ಒಂದು ಕಡೆ ವಾಲಿತ್ತು, ಚೈನ್ ಇದ್ದದ್ದಕ್ಕೆ ಪೂರ್ತಿ ಬಿದ್ದಿರಲಿಲ್ಲ. ಅವರು ಒಂದು ಕೈ ಎದೆ ಮೇಲಿಟ್ಕೊಂಡು ಕೆಳಗೆ ಬಿದ್ದಿದ್ರು. ಇಲ್ಲಿ... ನೀವು ಈಗ ಕೂತಿದ್ದೀರಲ್ಲ, ಅದಕ್ಕಿಂತ ಸ್ವಲ್ಪ ಈಚೆ.

ಬೇಡ, ಏಳಬೇಡಿ. ಕೂತ್ಕೊಳ್ಳಿ. ಹೇಳಬಾರದಿತ್ತು.

ಕೂಗಿಕೊಂಡೆ, ಮೇಲೆ ಓಡಿದೆ, ಮೊದಲನೇ ಮಹಡಿ ಡಾಕ್ಟರ್ ಚಪ್ಪಲಿ ಇಲ್ಲದೆ ಇಳಿದು ಬಂದ್ರು. ಅವರ ಕಾರಲ್ಲೇ ಕರ್ಕೊಂಡು ಹೋದದ್ದು. ದಾರೀಲೇ ಉಸಿರು ನಿಲ್ತು... ಅದೆಲ್ಲ ನಿಮಗೆ ಗೊತ್ತು.

ಈಗ ಈ ಕಟ್ಟಡ ನೋಡಬೇಕು ನೀವು. ಮೊನ್ನೆ ಅದೇ ಬೆಕ್ಕು ಸೀಟಿನ ಮೇಲೆ ಹಾರಿ ಇದು ಕೂಗ್ತು. ಐದು ಜನ ಓಡಿ ಬಂದ್ರು ಮೇಡಂ. ಒಬ್ಬರು ಒದ್ದೆ ತಲೇಲಿ, ಸೋಪಿನ ನೊರೆ ಕಿವಿ ಮೇಲೆ. ಬೆಕ್ಕನ್ನ ನೋಡಿ ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಹೋದ್ರು. ಸೆಕ್ರೆಟರಿ ಆವತ್ತಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ. ಆ ಬಾಣಂತಿಯಂತೂ ದಿನಾ ಇಳಿದು ಬರ್ತಾರೆ, ಮಗೂನ ಹೆಗಲ ಮೇಲೆ ಹಾಕ್ಕೊಂಡು. ನನಗೆ ಕೇಳಿಸ್ತು, ಕೇಳಿಸಿದ್ರೂ ಮಗು ಕಿವಿ ಮುಚ್ಚಿ ಕೂತಿದ್ದೆ, ನಾನು ಬಂದಿದ್ರೆ ಅವರು ಬದುಕ್ತಿದ್ರಾ, ಹೇಳಿ, ಬದುಕ್ತಿದ್ರಾ ಅಂತ ಕೇಳ್ತಾರೆ. ನಾನು ಸಮಾಧಾನ ಹೇಳ್ತೀನಿ. ಇಲ್ಲ ಕಣಮ್ಮಾ, ವಿಧಿ, ಅಂತೀನಿ. ನಿದ್ದೆ ಇಲ್ಲವಂತೆ ಆಕೆಗೆ. ಹಾಲೂ ಕಡಿಮೆ ಆಗಿದೆಯಂತೆ.

ನೀವೂ ಅವರ ಹತ್ರ ಮಾತಾಡಿದ್ರಾ? ಯಾವಾಗ? ... ಈಗ ಇಳಿದು ಬರುವಾಗಲೇನಾ. ಏನಂದ್ರು? ... ಅದೇ. ಮೂರು ಇಪ್ಪತ್ತು. ಹೂಂ. ಎಲ್ಲರೂ ಅದೇ ಹೇಳ್ತಾರೆ.

ಏನದು, ಫೋನಾ? ನನ್ನ ಕನ್ನಡಕ ಮೇಲಿದೆ, ಕಾಣಲ್ಲ. ನೀವೇ ಓದಿ ಹೇಳಿ... ಅಪ್ಪನ ಮಿಸ್ಡ್ ಕಾಲ್. ಎರಡು ಐವತ್ತೆರಡು.

ಆವತ್ತಿಂದೇನಾ?

ಇಲ್ಲಿ ಸಿಗ್ನಲ್ ಸಿಗಲ್ಲ ಮೇಡಂ. ಅದು... ಒಂದೊಂದ್ಸಲ ಸಿಗುತ್ತೆ. ಒಂದು ರಿಂಗ್ ಹೋಗಿರಬಹುದು, ಕಟ್ ಆಗಿರಬಹುದು. ನೀವು ಪರೀಕ್ಷೆ ಹಾಲಲ್ಲಿದ್ರಿ, ಫೋನ್ ಬ್ಯಾಗಲ್ಲಿತ್ತು, ಅದಕ್ಕೆ ನೀವೇನು ಮಾಡೋಕಾಗುತ್ತೆ. ನೀವು ಎತ್ತಿದ್ರೂ ಅಷ್ಟು ದೂರದಿಂದ ಏನು... ಬೇಡ ತಾಯಿ, ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ ಅದನ್ನ.

ಅದಲ್ವಾ? ಮತ್ತೇನು?

ಎರಡು ಐವತ್ತೆರಡರಿಂದ ಮೂರು ಇಪ್ಪತ್ತರವರೆಗೆ... ಅದು ನನಗೆ ಹೇಗೆ ಗೊತ್ತಾಗಬೇಕು? ಮೊದಲು ಮನೆಯಿಂದಲೇ ಫೋನ್ ಮಾಡಿರಬಹುದು. ಆಮೇಲೆ ಇಳಿದು ಬಂದಿರಬಹುದು. ಅಥವಾ ಇಲ್ಲೇ ಕೂತಿದ್ದು, ಎಚ್ಚರ ತಪ್ಪಿ, ಆಮೇಲೆ ಎಚ್ಚರ ಬಂದು ಬೈಕ್ ಹಿಡ್ಕೊಂಡು ಏಳೋಕೆ ಹೋಗಿರಬಹುದು. ಆಗ ವಾಲಿದ್ದು. ಆಗ ಕೂಗಿದ್ದು. ಹಾಗೇ ಇರಬೇಕು. ಹಾಗೇ ಆಗಿದ್ದು. ಡಾಕ್ಟರೂ ಏನೂ ಕೇಳಲಿಲ್ಲ, ಸ್ಟೇಷನ್‌ನೋರೂ ಬಂದು ಬರ್ಕೊಂಡು ಹೋದ್ರು, ಏನೂ ಕೇಳಲಿಲ್ಲ.

ಯಾಕೆ ಹಾಗೆ ನೋಡ್ತೀರ?

ಬಿಡಿ. ಹ್ಯಾಂಡಲ್ ಲಾಕ್ ತೆಗೀರಿ, ಹೊತ್ತಾಗುತ್ತೆ ನಿಮಗೆ. ಕತ್ತಲಾಗೋದ್ರೊಳಗೆ ಊರು ಸೇರಬೇಕಲ್ಲ. ಪೆಟ್ರೋಲ್ ಇದೆ, ನಾನು ನೋಡಿದೀನಿ. ಗಾಳೀನೂ ಇದೆ.

ಗಾಡಿ ಕಾಗದಾನಾ? ಇಲ್ಲ, ಅದು ಮೇಲೆ ಕಪಾಟಲ್ಲಿರಬೇಕು. ಆ ಪಕ್ಕದ ಮುಚ್ಚಳದಲ್ಲಿ ಬರೀ ಬ್ಯಾಟರಿ ಇರೋದು. ಅದನ್ನ ತೆಗೀಬೇಡಿ ಮೇಡಂ, ಅದರ ಕೊಂಡಿ ಸಡಿಲ ಇದೆ, ಒಂದ್ಸಲ ತೆಗೆದ್ರೆ ಮತ್ತೆ ಕೂರಲ್ಲ. ನಾನು ಮೇಲೆ ಹೋಗಿ ಹುಡುಕ್ತೀನಿ, ನೀವು ಇಲ್ಲೇ... ಅವರು ಯಾವಾಗಲೂ ಅಲ್ಲೇ ಇಡೋರಾ? ಪ್ಲಾಸ್ಟಿಕ್ ಕವರಲ್ಲಿ?

ಹೂಂ. ಇದೆ. ಸರಿ, ಸಿಕ್ತಲ್ಲ. ಮುಚ್ಚಿಬಿಡಿ ಈಗ. ಮುಚ್ಚಳ ಕೊಡಿ ಇಲ್ಲಿ, ನಾನು ಹಾಕ್ತೀನಿ.

ಕೊಡಿ ತಾಯಿ.

ಅದೇನಿಲ್ಲ. ವೈರು. ಕರಿ ಟೇಪು ಸುತ್ತಿದೆ, ಅಷ್ಟೇ. ವೈರ್ ಅಂದಮೇಲೆ ಟೇಪ್ ಇರುತ್ತೆ.

...ಅವರು ಟೇಪ್ ಸುತ್ತೋರಲ್ಲ. ಗೊತ್ತು. ಪಕ್ಕದಲ್ಲಿರೋ ಜೋಡಣೆ ಎಲ್ಲ ಬೆಸುಗೆ ಹಾಕಿರೋದು, ಮೇಲೆ ಪುಟ್ಟ ಕೊಳವೆ ತೊಡಿಸಿರೋದು, ನೀಟಾಗಿ, ಅಕ್ಷರ ಬರೆದ ಹಾಗೆ. ಇದೊಂದು ಮಾತ್ರ... ಆತುರದಲ್ಲಿ ಮಾಡಿರಬಹುದು ಅವರು. ಎಷ್ಟೇ ಕೆಲಸಗಾರನಾದ್ರೂ ಒಂದೊಂದ್ಸಲ ಆತುರ...

ನೀವು ಏನಾದ್ರೂ ಮಾತಾಡಿ.

ಮಾತಾಡಿ ತಾಯಿ. ಹೀಗೆ ಸುಮ್ಮನೆ ಕೂತ್ಕೋಬೇಡಿ. ಬೈರಿ. ಸ್ಟೇಷನ್ನಲ್ಲಾದ್ರೂ ಕೇಳ್ತಿದ್ರು, ಹೇಳೋ, ಹೇಳೋ ಅಂತಿದ್ರು. ನೀವು ಏನೂ ಕೇಳ್ತಾ ಇಲ್ಲ. ಆ ವೈರ್ ಕೈಲಿ ಹಿಡ್ಕೊಂಡು...

ನಾನೇ.

ನಾನೇ ಕತ್ತರಿಸಿದ್ದು. ಆವತ್ತು ಮಧ್ಯಾಹ್ನ ಹನ್ನೆರಡೂವರೆಗೆ. ಉಗುರು ಕತ್ತರಿಸೋದರಲ್ಲಿ. ಬೆಳಗ್ಗೆಯಿಂದ ಏಳು ಸಲ ಕೂಗಿತ್ತು. ಸೆಕ್ರೆಟರಿ ಇಳಿದು ಬಂದ್ರು, ಎಲ್ಲರೆದುರು, ಟೈಲ್ಸ್‌ನೋರ ಎದುರು, ಇವತ್ತು ಇನ್ನೊಂದು ಸಲ ಕೂಗಿದ್ರೆ ನಾಳೆ ಆ ಕುರ್ಚೀಲಿ ಬೇರೆಯವನು ಕೂತಿರ್ತಾನೆ ಅಂದ್ರು. ಈ ವಯಸ್ಸಲ್ಲಿ, ಅರ್ಧ ಕಿವಿಯೋನಿಗೆ, ಕಳ್ಳನ ಜೊತೆಗಾರ ಅನ್ನಿಸ್ಕೊಂಡೋನಿಗೆ ಇನ್ಯಾರು ತಾಯಿ ಕೆಲಸ ಕೊಡ್ತಾರೆ? ಒಂದೇ ಒಂದು ವೈರ್. ಕೆಂಪುದು. ಸಂಜೆ ಟೈಲ್ಸ್ ಕೆಲಸ ಮುಗೀತಿದ್ದ ಹಾಗೆ ಸಾರ್‌ಗೆ ಹೇಳಿಬಿಡೋಣ, ಅವರೇ ಬೆಸುಗೆ ಹಾಕ್ತಾರೆ, ಎರಡು ಬೈತಾರೆ, ಮುಗೀತು, ಅಂದ್ಕೊಂಡೆ. ನಿಮ್ಮಾಣೆ, ಅಷ್ಟೇ ಅಂದ್ಕೊಂಡಿದ್ದು.

ಅವರು ಇಳಿದು ಬಂದದ್ದು ನನಗೆ ಗೊತ್ತಾಗಲಿಲ್ಲ, ಅದು ನಿಜ. ಟ್ಯಾಂಕರ್‌ನೋನ ಹತ್ರ ಸಹಿ ಹಾಕಿಸ್ಕೊಳ್ತಿದ್ದೆ, ಅದೂ ನಿಜ. ಏನೋ ದಡ್ ಅಂತ ಕೇಳಿಸ್ತು. ಟೈಲ್ಸ್ ಇಳಿಸ್ತಿದಾರೆ ಅಂದ್ಕೊಂಡೆ. ಬಂದು ನೋಡಬಹುದಿತ್ತು. ಇಪ್ಪತ್ತು ಹೆಜ್ಜೆ. ಸೈರನ್ ಸುಮ್ಮನಿದೆಯಲ್ಲ, ಏನಿರುತ್ತೆ ಅಂತ ಮನಸ್ಸು ಹೇಳ್ತು. ನಾನೇ ಕತ್ತರಿಸಿದೀನಿ ಅನ್ನೋದೇ ಮರೆತುಹೋಗಿತ್ತು ತಾಯಿ. ಸೈರನ್ ಸುಮ್ಮನಿದೆ, ಎಲ್ಲ ಸರಿಯಾಗಿದೆ ಅಂತ ಕೂತಿದ್ದೆ.

ಮೂರೂಕಾಲಿಗೆ ಸಂಪಿನ ಮೋಟಾರ್ ಹಾಕೋಕೆ ಇಳಿದು ಬಂದೆ. ಬೈಕಿನ ಇಂಡಿಕೇಟರ್ ನಾಲ್ಕೂ ಮಿಣುಕ್ತಾ ಇದ್ವು. ಸದ್ದಿಲ್ಲ. ಲೈಟ್ ಮಾತ್ರ ಹತ್ತೋದು, ಆರೋದು. ಹತ್ತೋದು, ಆರೋದು. ಹತ್ರ ಬಂದು ನೋಡಿದ್ರೆ ಅವರು. ರಿಮೋಟ್ ಮುಷ್ಟೀಲಿತ್ತು. ಹೆಬ್ಬೆರಳು ಆ ಕೆಂಪು ಗುಂಡಿ ಮೇಲೆ. ಒತ್ತಿ ಹಿಡ್ಕೊಂಡಿದ್ರು. ಎಷ್ಟು ಹೊತ್ತಿಂದ ಒತ್ತುತ್ತಿದ್ರೋ... ನೀವು ಹೇಳಿದ್ಮೇಲೆ ಗೊತ್ತಾಯ್ತು ನನಗೆ. ಇಲ್ಲ, ಸುಳ್ಳು. ಸುಳ್ಳು ಹೇಳಲ್ಲ ಇನ್ನು. ಆವತ್ತೇ ಗೊತ್ತಿತ್ತು, ತುಂಬಾ ಹೊತ್ತಾಗಿದೆ ಅಂತ. ಅಂಗಿ ಎಲ್ಲ ಬೆವರಲ್ಲಿ ನೆಂದು ತಣ್ಣಗಾಗಿತ್ತು.

ಉಸಿರಿತ್ತು.

ಇತ್ತು ತಾಯಿ. ಕಣ್ಣೂ ತೆರೆದಿತ್ತು. ನನ್ನನ್ನ ನೋಡಿದ್ರು.

ನಾನು ಆಗಲೇ ಮೇಲೆ ಓಡಬೇಕಿತ್ತು. ಓಡಲಿಲ್ಲ. ಏನು ತಲೆಗೆ ಬಂತು ಅಂದ್ರೆ... ಕೇಳ್ತಾರೆ. ಸೈರನ್ ಯಾಕೆ ಕೂಗಲಿಲ್ಲ ಅಂತ ಕೇಳ್ತಾರೆ. ಬಿಚ್ಚಿ ನೋಡ್ತಾರೆ. ಕತ್ತರಿಸಿದ ವೈರ್ ಕಾಣುತ್ತೆ. ಮತ್ತೆ ಆ ಸ್ಟೇಷನ್ನು, ಆ ಬೆಂಚು, ಬಾಗಿಲ ಹೊರಗೆ ನನ್ನ ಹೆಂಡತಿ. ನಾನು ಮುಚ್ಚಳ ಕಿತ್ತೆ. ವೈರಿನ ತುದಿ ಹಲ್ಲಲ್ಲಿ ಸುಲಿದೆ. ತಿರುಚೋಕೆ ಹೋದ್ರೆ ಒಂದು ತುದಿ ಒಳಗೆ ಜಾರಿಹೋಯ್ತು, ಅದನ್ನ ಹುಡುಕಿ ಎಳೆದೆ. ಪಂಪ್ ರೂಮಿಗೆ ಹೋಗಿ ಟೇಪ್ ತಂದೆ. ಟೇಪ್ ತರೋಕೆ ಹೋದೆ ತಾಯಿ, ನಿಮ್ಮಪ್ಪ ಇಲ್ಲಿ ಹೀಗೆ ಬಿದ್ದಿರುವಾಗ. ಎಷ್ಟು ನಿಮಿಷ ಆಯ್ತು ಗೊತ್ತಿಲ್ಲ. ಮೂರೂಕಾಲಿಗೆ ಇಳಿದು ಬಂದೆ, ಮೂರು ಇಪ್ಪತ್ತಕ್ಕೆ ಕೂಗ್ತು. ಲೆಕ್ಕ ನೀವೇ ಮಾಡ್ಕೊಳ್ಳಿ. ನನಗೆ ಆ ಲೆಕ್ಕ ಮಾಡೋಕೆ ಧೈರ್ಯ ಇಲ್ಲ.

ಆಸ್ಪತ್ರೆ ಡಾಕ್ಟರ್ ಹೇಳಿದ್ರು, ಸ್ವಲ್ಪ ಮುಂಚೆ ತಂದಿದ್ರೆ ಅಂತ. ಎಷ್ಟು ಮುಂಚೆ ಅಂತ ನಾನು ಕೇಳಲಿಲ್ಲ.

ಅವರು? ... ಏನೂ ಹೇಳಲಿಲ್ಲ. ಮಾತಾಡೋ ಶಕ್ತಿ ಇರಲಿಲ್ಲ.

ಹೇಳ್ತೀನಿ. ಇದನ್ನ ನನ್ನ ಹೆಂಡತಿಗೂ ಹೇಳಿಲ್ಲ. ನಾನು ವೈರ್ ತಿರುಚ್ತಿದ್ದಾಗ ಅವರು ನೋಡ್ತಾನೇ ಇದ್ರು. ನನ್ನ ಕೈಯನ್ನೇ. ನಾನು ಯಾಕೆ ಮಾಡ್ತಿದೀನಿ ಅಂತ ಅವರಿಗೆ ಗೊತ್ತಿರಲಿಲ್ಲ. ಸೈರನ್ ಕೆಟ್ಟುಹೋಗಿದೆ, ಜನ ಕರೆಯೋಕೆ ಇವನು ಅದನ್ನ ಸರಿ ಮಾಡ್ತಿದಾನೆ ಅಂದ್ಕೊಂಡ್ರು. ತಲೆ ಆಡಿಸಿದ್ರು ತಾಯಿ. ಹೀಗೆ, ನಿಧಾನಕ್ಕೆ. ಹೊಸ ಕೆಲಸಗಾರನಿಗೆ ಯಜಮಾನ ಆಡಿಸ್ತಾನಲ್ಲ, ಹಾಂ, ಹಾಗೇ, ಸರಿಯಾಗಿ ಮಾಡ್ತಿದೀಯ ಅಂತ, ಹಾಗೆ. ಅದು ಕೂಗಿದಾಗ ಕಣ್ಣು ಮುಚ್ಚಿದ್ರು. ಜನ ಬರ್ತಾರೆ ಅಂತ.

ಯಾರೂ ಬರಲಿಲ್ಲ. ಕೂಗ್ತಾನೇ ಇತ್ತು, ಯಾರೂ ಬರಲಿಲ್ಲ. ಆಮೇಲೆ ನಾನು ಮೇಲಕ್ಕೆ ಓಡಿದೆ.

ಅಳಿ ತಾಯಿ. ಅತ್ತುಬಿಡಿ. ನಾನು ಆ ಕಡೆ ತಿರುಗಿ ಕೂತಿರ್ತೀನಿ.

...

ಪೊಲೀಸಿಗೆ ಫೋನ್ ಮಾಡ್ತೀರಾದ್ರೆ ಮಾಡಿ. ನಾನು ಎಲ್ಲಿಗೂ ಹೋಗಲ್ಲ. ಟಾರ್ಚು, ಸೀಟಿ, ಬೀಗದ ಕೈ ಎಲ್ಲ ಆ ಕುರ್ಚಿ ಮೇಲಿಟ್ಟು ಬರ್ತೀನಿ. ಮನೆಗೆ ಒಂದು ಮಾತು ಹೇಳೋಕೆ ಬಿಟ್ರೆ ಸಾಕು, ಈ ಸಲ ಬಾಗಿಲ ಹೊರಗೆ ಬಂದು ನಿಲ್ಲಬೇಡ ಅಂತ.

ಫೋನ್ ಒಳಗಿಟ್ರಿ. ಮಾಡಲ್ವಾ?

ಏನು? ಯಾಕೆ ಮೇಲೆ ನೋಡ್ತೀರ? ಅಲ್ಲೇನಿದೆ, ಸೂರು. ಅದರ ಮೇಲೆ ಟೈಲ್ಸ್ ಹಾಕಿದ ಮನೆ, ಅದರ ಮೇಲೆ ಡಾಕ್ಟರು...

ಓ.

ಆ ಬಾಣಂತಿಗಾ? ಮೂರನೇ ಮಹಡಿಗೆ? ನಾನೇ ಹೇಳಬೇಕಾ? ... ಅದೊಂದು ಬೇಡ ತಾಯಿ. ಸ್ಟೇಷನ್ನಿಗೆ ಈಗಲೇ ಹೋಗ್ತೀನಿ, ಅಲ್ಲಿ ನಾಲ್ಕು ಏಟು ಹಾಕ್ತಾರೆ, ಮುಗಿಯುತ್ತೆ. ಇವರು ಏಟು ಹಾಕಲ್ಲ. ಮಗೂನ ಹೆಗಲ ಮೇಲೆ ಹಾಕ್ಕೊಂಡು ನೋಡ್ತಾರೆ. ಮೂರು ವಾರದಿಂದ ಆ ಹೆಣ್ಣುಮಗಳ ಕಣ್ಣೀರಿಗೆ ನಾನು ಸಮಾಧಾನ ಹೇಳಿದೀನಿ. ಯಾವ ಬಾಯಲ್ಲಿ ಹೇಳಲಿ, ಅಮ್ಮಾ, ನೀನು ಕಿವಿ ಮುಚ್ಚಿದ್ದಕ್ಕಲ್ಲ, ನಾನು ಕತ್ತರಿಸಿದ್ದಕ್ಕೆ ಅಂತ...

ನನ್ನ ಬದಲು ನೀವು ಹೇಳಿ ಅಂದ್ರೆ ಹೇಳಲ್ಲ, ಅಲ್ವಾ. ಗೊತ್ತು.

ಆಯ್ತು. ಏಳ್ತೀನಿ. ಈ ಕಂಬ ಹಿಡಿದು... ಬೇಡ, ಕೈ ಕೊಡಬೇಡಿ. ನಿಮ್ಮ ಕೈ ಹಿಡಿಯೋ ಯೋಗ್ಯತೆ ನನಗಿಲ್ಲ.

ಲಿಫ್ಟ್ ಬೇಡ. ಮೆಟ್ಟಿಲಲ್ಲೇ ಹೋಗ್ತೀನಿ. ಹತ್ತೋವರೆಗಾದ್ರೂ ಏನು ಹೇಳಬೇಕು ಅಂತ ಜೋಡಿಸ್ಕೊಳ್ತೀನಿ.

ಮಗು ಮಲಗಿದ್ರೆ? ... ಹೊರಗೆ ಮೆಟ್ಟಿಲ ಮೇಲೆ ಕೂತಿರ್ತೀನಿ. ಎದ್ದಮೇಲೆ ಬಾಗಿಲು ತಟ್ತೀನಿ.